ಪಂಚಾಯತಿನ ನಾಗರಿಕ ಸನ್ನದು: ಕೈ ಎತ್ತುವುದು ಯಾವಾಗ, ಹೇಗೆ?

ನಮ್ಮ ಪಂಚಾಯತು ಕಚೇರಿಯ ಒಳಗೆ ಕಾಲಿಟ್ಟ ಕೂಡಲೇ ಎಡಗಡೆಯ ಗೋಡೆಯಲ್ಲಿ ಒಂದು ದೊಡ್ಡ ಬೋರ್ಡು ಕಾಣುತ್ತದೆ. ತಲೆಬರಹ ಮಲಯಾಳದಲ್ಲಿ: ‘ಪೌರಾವಕಾಶ ರೇಖ’. ಮಲಯಾಳದ ಅಕ್ಷರ ಕೂಡಿಸಿ ಓದಲು ಕಲಿತ ಹೊಸತರಲ್ಲಿ ನಾನು ಇದನ್ನು ಪೌರರಿಗೆ ಸಿಗುವ ಏನೋ ಒಂದು ಅವಕಾಶ, ಅಂದರೆ ಚಾನ್ಸು ಅಂತ ತಿಳಿದಿದ್ದೆ. ಮಲಯಾಳದಲ್ಲಿ ಅವಕಾಶ ಅಂದರೆ ಹಕ್ಕು. ನಮ್ಮಲ್ಲಿ ಅದು ಸಿಕ್ಕರೆ ಸಿಕ್ಕಿತು ಅನ್ನುವ ಮಾತು, ಅವರಲ್ಲಿ ಕೊಡಲೇಬೇಕು ಅನ್ನುವ ಮಾತು. ಕಾಸರಗೋಡಿನ ಎಷ್ಟೋ ಕನ್ನಡಿಗರು ಈ ಬೋರ್ಡನ್ನು ಇವತ್ತಿಗೂ ಚಾನ್ಸು ಅಂತಲೇ ಓದುತ್ತಿದ್ದಾರೆ ಅಂತ ನನಗೆ ಅನುಮಾನ.

ಕನ್ನಡದಲ್ಲಿ ಇದಕ್ಕೆ ನಾಗರಿಕ ಸನ್ನದು ಅನ್ನುತ್ತಾರೆ. ಪಂಚಾಯತು ಯಾವ ಯಾವ ಸೇವೆ ಕೊಡುತ್ತದೆ, ಅದಕ್ಕೆ ಏನೇನು ಶರತ್ತು, ಎಷ್ಟು ದಿನದೊಳಗೆ ಕೊಡಬೇಕು, ಇಷ್ಟು ಅದರಲ್ಲಿ ಇರಬೇಕು. ಕೇರಳ ಪಂಚಾಯತ್ ರಾಜ್ ಕಾನೂನು ಬಂದದ್ದು 1994ರಲ್ಲಿ. 1999ರ ತಿದ್ದುಪಡಿಯಲ್ಲಿ 272ಎ ಎಂಬ ಕಲಂ ಸೇರಿಸಿ, ಪ್ರತಿ ಗ್ರಾಮ ಪಂಚಾಯತೂ ಸನ್ನದು ತಯಾರಿಸಿ ಪ್ರಕಟಿಸಬೇಕು, ವರ್ಷಕ್ಕೊಮ್ಮೆಯಾದರೂ ಅದನ್ನು ಹೊಸದು ಮಾಡಬೇಕು ಅಂತ ಬರೆದರು. ಈ ವರ್ಷಕ್ಕೊಮ್ಮೆ ಅನ್ನುವುದು ನಮ್ಮ ಹಿಡಿಕೆ. ಅದನ್ನು ಹಿಡಿದುಕೊಂಡು ಗ್ರಾಮಸಭೆಯಲ್ಲಿ ಒಂದು ತೀರ್ಮಾನ ಮಾಡಿಸುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನಾವು ಎರಡು ಸಲ ಮಾಡಿದ್ದೇವೆ. ಮೊದಲನೆಯದು ಪೂರ್ತಿ ಹಾಳಾಯಿತು.

ನಮ್ಮ ಮತಕ್ಕೆ ಎಷ್ಟು ತೂಕ

ಮೊದಲೇ ಒಂದು ಮಾತು ತಿಳಿದಿರಲಿ. ಅಮೆರಿಕದ ಕೆಲವು ನಗರಗಳಲ್ಲಿ ಚಾರ್ಟರ್ ಅಂದರೆ ಆ ನಗರದ ಸಂವಿಧಾನ ಇದ್ದ ಹಾಗೆ. ಅದನ್ನು ಜನರ ಮುಂದಿಟ್ಟು ವೋಟು ಹಾಕಿಸುತ್ತಾರೆ, ವೋಟು ಬಿದ್ದರೆ ಅದೇ ಕೊನೆ. ನಮ್ಮದು ಹಾಗಿಲ್ಲ. ಇಲ್ಲಿ ಸನ್ನದನ್ನು ಪಾಸು ಮಾಡುವುದು ಪಂಚಾಯತು ಸಮಿತಿ, ಅಂದರೆ ನಾವು ಗೆಲ್ಲಿಸಿ ಕಳಿಸಿದ ಮೆಂಬರರು. ಗ್ರಾಮಸಭೆ ಶಿಫಾರಸು ಮಾಡುತ್ತದೆ. ಆದರೆ ಆ ಶಿಫಾರಸನ್ನು ಪಂಚಾಯತು ಪರಿಗಣಿಸಲೇಬೇಕು, ಜಾರಿ ಮಾಡದಿದ್ದರೆ ಯಾಕೆ ಅಂತ ವಿವರವಾಗಿ ತಿಳಿಯುವ ಹಕ್ಕು ಗ್ರಾಮಸಭೆಗೆ ಇದೆ ಅಂತ ಕಾನೂನಿನಲ್ಲೇ ಇದೆ. ಅಷ್ಟು ಸಾಕು. ಸಭೆಯಲ್ಲಿ ಯಾರಾದರೂ ಎದ್ದು ನಿಂತು ‘ನಿಮ್ಮ ವೋಟಿಗೆ ಬೆಲೆ ಇಲ್ಲ’ ಅಂದರೆ ಇದನ್ನು ಹೇಳಿ.

ಗ್ರಾಮಸಭೆ ಅಂದರೆ ಇಡೀ ಪಂಚಾಯತಿನದ್ದಲ್ಲ, ನಿಮ್ಮ ವಾರ್ಡಿನದ್ದು. ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ಕಾಸರಗೋಡು, ಕಾಞಂಗಾಡು, ನೀಲೇಶ್ವರ ನಗರಸಭೆಗಳಲ್ಲಿ ಇರುವವರಿಗೆ ಇದೇ ಕೆಲಸ ವಾರ್ಡ್ ಸಭೆಯಲ್ಲಿ.

ಎಲ್ಲವನ್ನೂ ವೋಟಿಗೆ ಹಾಕಬೇಡಿ

ಕೆಲವು ವಿಷಯ ಮತಕ್ಕೆ ಹಾಕಿದರೆ ಸುಮ್ನೆ ಹೊತ್ತು ಹೋಗುತ್ತದೆ. ಮಗು ಹುಟ್ಟಿದರೆ 21 ದಿನದೊಳಗೆ ತಿಳಿಸಬೇಕು ಅನ್ನುವುದು ಕೇಂದ್ರದ ಕಾನೂನು. ಮದುವೆಯಾದ 45 ದಿನದೊಳಗೆ ನೋಂದಣಿ ಅನ್ನುವುದು ರಾಜ್ಯದ ನಿಯಮ. ನಾವು ನೂರೈವತ್ತು ಜನ ಕೈ ಎತ್ತಿದರೂ ಅದು 60 ಆಗುವುದಿಲ್ಲ.

ಇನ್ನು ಕೆಲವನ್ನು ಮತಕ್ಕೆ ಹಾಕಿದರೆ ಹೊತ್ತಿನ ಜೊತೆ ಹಕ್ಕೂ ಹೋಗುತ್ತದೆ. ನಾವು ಮೊದಲ ಸಲ ಮಾಡಿದ ತಪ್ಪು ಇದೇ. ಸನ್ನದಿನ ಬೋರ್ಡು ಕನ್ನಡದಲ್ಲೂ ಇರಬೇಕು ಅಂತ ಮತಕ್ಕೆ ಹಾಕಿದೆವು. ನಮ್ಮ ವಾರ್ಡಿನಲ್ಲಿ ಮನೆಮಾತು ತುಳು, ಮಲಯಾಳ, ಬ್ಯಾರಿ, ಮರಾಠಿ, ಕೊಂಕಣಿ, ಹವ್ಯಕ ಎಲ್ಲಾ ಇವೆ. ಭಾಷೆಯ ಮಾತು ಎತ್ತಿದ ಕೂಡಲೇ ಒಂದು ಬೆಂಚಿನವರು ಇನ್ನೊಂದು ಬೆಂಚಿನವರ ಮುಖ ನೋಡಿದರು. ಅಲ್ಲಿಯವರೆಗೆ ಒಟ್ಟಿಗೆ ಚಾ ಕುಡಿದವರು! ಏಳು ಮತದಲ್ಲಿ ಸೋತೆವು. ಈಗ ಯೋಚಿಸಿದರೆ ಅದು ಸೋಲುಗೆಲುವಿಗೆ ಇಡುವ ವಿಷಯವೇ ಆಗಿರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅದಾದ ಮೇಲೆ 1969ರ ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲಿ, ಕನ್ನಡ ಮತ್ತು ತಮಿಳು ಮಾತಾಡುವ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದ ಜೊತೆ ಪತ್ರ ವ್ಯವಹಾರ ಮಾಡಬಹುದು ಅಂತ ಬರೆದಿದ್ದಾರೆ. ದೂರು ಯಾವ ಭಾಷೆಯಲ್ಲಿ ಕೊಡಬಹುದು ಅನ್ನುವುದಕ್ಕೆ ಸಂವಿಧಾನದ 350ನೇ ವಿಧಿಯೂ ಇದೆ. ಕವಿ ಕಯ್ಯಾರ ಕಿಞ್ಞಣ್ಣ ರೈಗಳೇ ಬದಿಯಡ್ಕ ಪಂಚಾಯತಿನ ಅಧ್ಯಕ್ಷರಾಗಿದ್ದ ಊರು ನಮ್ಮದು. ಕನ್ನಡ ಬೋರ್ಡು ಬೇಕಾದರೆ ಕನ್ನಡದಲ್ಲಿ ಅರ್ಜಿ ಬರೆದು, ರಸೀದಿ ತೆಗೆದುಕೊಂಡು ಬನ್ನಿ. ವೋಟು ಕೇಳಬೇಡಿ.

ಹಾಗಾದರೆ ವೋಟಿಗೆ ಯಾವುದು? ಪಂಚಾಯತಿನ ಕೈಯಲ್ಲೇ ಇರುವ ಕೆಲಸ, ಆದರೆ ಸನ್ನದಿನಲ್ಲಿ ದಿನದ ಲೆಕ್ಕ ಇಲ್ಲದ್ದು ಅಥವಾ ಜಾಸ್ತಿ ದಿನ ಬರೆದದ್ದು. ಬೀದಿದೀಪ ಕೆಟ್ಟರೆ ಎಷ್ಟು ದಿನದಲ್ಲಿ ಸರಿ ಮಾಡಬೇಕು? ಪಂಚಾಯತು ರಸ್ತೆಯ ಚರಂಡಿ ಮಳೆಗಾಲದ ಮೊದಲು ಯಾವ ತಾರೀಕಿನೊಳಗೆ ಶುಚಿಯಾಗಬೇಕು? ಈಗ ಕೆ-ಸ್ಮಾರ್ಟ್ ಅನ್ನುವ ಸರಕಾರದ ಆನ್‌ಲೈನ್ ವ್ಯವಸ್ಥೆ ಬಂದು ಅರ್ಜಿ ಹಾಕುವುದೆಲ್ಲ ಕಂಪ್ಯೂಟರಿನಲ್ಲಿ ಆಗಿದೆ. ಆನ್‌ಲೈನ್ ಅರ್ಜಿ ತುಂಬಿಸಿ ಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಲಾಗದ ವಯಸ್ಸಾದವರಿಗೆ ಕಚೇರಿಯಲ್ಲೇ ಯಾರು ಸಹಾಯ ಮಾಡಬೇಕು? ಇಂಥವು ಊರಿನವರು ಕೂತು ತೀರ್ಮಾನಿಸುವ ಪ್ರಶ್ನೆಗಳು.

ಯಾವಾಗ: ಅಡಕೆ, ಮಳೆ ಮತ್ತು ಬೆಲ್ ಎಂಬ ಊರು

ದಿನ ಗೊತ್ತು ಮಾಡುವುದು ಅರ್ಧ ಕೆಲಸ. ಇದನ್ನು ಯಾರೂ ನಂಬುವುದಿಲ್ಲ, ಅದಕ್ಕೆ ದೂರದ ಒಂದು ಕತೆ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸ್ ಹತ್ತಿರ ಬೆಲ್ ಅಂತ ಒಂದು ಪುಟ್ಟ ನಗರ ಇದೆ. ಜನಸಂಖ್ಯೆ 35 ಸಾವಿರದ ಆಸುಪಾಸು, ಹೆಚ್ಚಿನವರು ದುಡಿದು ತಿನ್ನುವವರು. 2005ರ ನವೆಂಬರಿನಲ್ಲಿ ಅಲ್ಲಿ ನಗರಕ್ಕೆ ಚಾರ್ಟರ್ ಬೇಕೇ ಅಂತ ಕೇಳಲು ಒಂದು ವಿಶೇಷ ಚುನಾವಣೆ ಇಟ್ಟರು. ವೋಟು ಹಾಕಿದವರು 400 ಜನರೂ ಇಲ್ಲ. ಚಾರ್ಟರ್ ಪಾಸಾಯಿತು. ಕೌನ್ಸಿಲ್ ಸದಸ್ಯರ ಸಂಬಳಕ್ಕೆ ರಾಜ್ಯದ ಕಾನೂನು ಹಾಕಿದ್ದ ಮಿತಿ ಅದರಿಂದ ತಪ್ಪಿಹೋಯಿತು. 2010ರಲ್ಲಿ ಪತ್ರಿಕೆಯವರು ಬಯಲಿಗೆ ಎಳೆದಾಗ, ಆ ಬಡ ಊರಿನ ಮುಖ್ಯ ಅಧಿಕಾರಿ ವರ್ಷಕ್ಕೆ 7,87,000 ಡಾಲರಿಗೂ ಮಿಕ್ಕಿ ಸಂಬಳ ತೆಗೆದುಕೊಳ್ಳುತ್ತಿದ್ದದ್ದು ಗೊತ್ತಾಯಿತು. ಮುಂದೆ ಅವರು ಜೈಲಿಗೂ ಹೋದರು. ಚಾರ್ಟರ್ ಪ್ರಸ್ತಾಪವನ್ನು ರಾಜ್ಯದ ಸಾರ್ವತ್ರಿಕ ಚುನಾವಣೆಯ ದಿನವೇ, ಅಂದರೆ ಜನ ಹೇಗೂ ಮತಗಟ್ಟೆಗೆ ಬರುವ ದಿನವೇ, ಮತಕ್ಕೆ ಹಾಕಬೇಕು ಅಂತ ಕ್ಯಾಲಿಫೋರ್ನಿಯಾ ಆಮೇಲೆ ಕಾನೂನು ಮಾಡಿತು.

ನಮ್ಮ ಊರಿಗೆ ಇದನ್ನು ಹೊಂದಿಸಿ ನೋಡಿ. ಜನ ಹೇಗೂ ಬರುವ ಗ್ರಾಮಸಭೆ ಯಾವುದು? ಮನೆ, ತೆಂಗಿನ ಗೊಬ್ಬರ, ಕೋಳಿಮರಿ, ಹಟ್ಟಿ ರಿಪೇರಿ, ಇಂಥ ಫಲಾನುಭವಿಗಳ ಪಟ್ಟಿ ಓದುವ ಸಭೆ. ಆ ದಿನ ಬಾಗಿಲ ಹೊರಗೂ ಜನ ನಿಂತಿರುತ್ತಾರೆ. ಮತ ಬೇಕಾದರೆ ಆ ಸಭೆ ಹಿಡಿಯಿರಿ.

ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಎರಡು ಸಲ ಸತತವಾಗಿ ಕರೆಯದೆ ಬಿಟ್ಟ ವಾರ್ಡ್ ಮೆಂಬರರ ಸ್ಥಾನಕ್ಕೇ ಕುತ್ತು ಬರುತ್ತದೆ, ಹಾಗಾಗಿ ಸಭೆ ನಡೆದೇ ನಡೆಯುತ್ತದೆ. ತಮಿಳುನಾಡಿನಲ್ಲಿ, ಅಂದರೆ ತಾಳವಾಡಿ, ಹೊಸೂರು ಕಡೆಯ ಕನ್ನಡಿಗರಿಗೆ, ದಿನ ಮೊದಲೇ ಗೊತ್ತು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಹೀಗೆ. ನಮ್ಮಲ್ಲಿ ಹಾಗೆ ನಿಶ್ಚಯದ ದಿನ ಇಲ್ಲ. ಅದು ತೊಂದರೆಯೂ ಹೌದು, ಅನುಕೂಲವೂ ಹೌದು. ಮೆಂಬರರ ಹತ್ತಿರ ಮೊದಲೇ ಹೋಗಿ ಮಾತಾಡಿದರೆ ಒಳ್ಳೆಯ ದಿನ ಸಿಗುತ್ತದೆ.

ನನ್ನ ಲೆಕ್ಕ ಹೀಗೆ. ಜೂನ್ ಜುಲೈಯಲ್ಲಿ ಬೇಡ. ಮಳೆ ಎರಡು ದಿನ ಹೊಳವಾದರೆ ಸಾಕು, ಅಡಕೆಗೆ ಮದ್ದು ಬಿಡಲು ಎಲ್ಲರೂ ತೋಟದಲ್ಲಿ. ಮಳೆ ಸುರಿಯುತ್ತಿದ್ದರೆ ಗುಡ್ಡೆಯ ಮೇಲಿನವರು ಇಳಿಯುವುದಿಲ್ಲ, ತೋಡಿನ ಆಚೆಯವರು ದಾಟುವುದಿಲ್ಲ. ಅಡಕೆ ಕೊಯ್ಲು ಜೋರಿರುವ ವಾರವೂ ಬೇಡ. ರಂಜಾನ್ ತಿಂಗಳಲ್ಲಿ ಸಂಜೆ ಬೇಡ, ಶುಕ್ರವಾರ ಮಧ್ಯಾಹ್ನ ಯಾವತ್ತೂ ಬೇಡ. ಊರಿನಲ್ಲಿ ಕೋಲವೋ ನೇಮವೋ ಇದ್ದ ಮರುದಿನ ಇಡಬೇಡಿ, ಅರ್ಧ ಊರು ನಿದ್ದೆಯಲ್ಲಿ ಇರುತ್ತದೆ. ಉದ್ಯೋಗ ಖಾತರಿ ಕೆಲಸ ಇರುವ ದಿನ ಹೊತ್ತಾರೆ ಇಟ್ಟರೆ ಹೆಂಗಸರು ಬರಲಾರರು, ಅವರು ಬಾರದಿದ್ದರೆ ಕೋರಂ, ಅಂದರೆ ಸಭೆ ನಡೆಯಲು ಬೇಕಾದಷ್ಟು ಜನ, ಆಗುವುದೇ ಇಲ್ಲ. ಭಾನುವಾರ ಮಧ್ಯಾಹ್ನ ಮೇಲೆ ಎರಡೂವರೆಗೆ ಶುರು ಮಾಡಿ, ಕೊನೆಯ ಬಸ್ಸಿಗೆ ಒಂದು ಗಂಟೆ ಇರುವಾಗ ಮುಗಿಸುವುದು ನಮಗೆ ಹಿಡಿಸಿತು.

ಮೂರು ತಿಂಗಳು ಕಾಯಲಾಗದಿದ್ದರೆ

ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಜನ ಬರಹದಲ್ಲಿ ಕೇಳಿದರೆ, ವಿಷಯವನ್ನೂ ಜೊತೆಗೆ ಕೊಟ್ಟರೆ, 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಇಂಥದ್ದು ಒಂದೇ ಸಲ. ಹಾಗಾಗಿ ಸಣ್ಣ ಸಿಟ್ಟಿಗೆ ಇದನ್ನು ಬಳಸಿ ಮುಗಿಸಬೇಡಿ.

ಪಟ್ಟಿಯಲ್ಲಿ 1,250 ಹೆಸರು ಇದ್ದರೆ 125 ಸಹಿ ಬೇಕು. ಗಲ್ಫಿನಲ್ಲಿ ಇರುವವರ ಹೆಸರೂ ಪಟ್ಟಿಯಲ್ಲಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ, ಸಹಿ ಮಾತ್ರ ಬರುವುದಿಲ್ಲ. 150 ಸಹಿ ತೆಗೆದುಕೊಳ್ಳಿ. ಒಂದಷ್ಟು ಬಿದ್ದೇ ಹೋಗುತ್ತವೆ: ಮದುವೆಯಾಗಿ ಪುತ್ತೂರಿಗೆ ಹೋಗಿ ಅಲ್ಲಿ ಹೆಸರು ಸೇರಿಸಿಕೊಂಡವರು, ಪಕ್ಕದ ವಾರ್ಡಿನ ಭಾವ, ಎರಡು ಸಲ ಸಹಿ ಹಾಕಿದ ಉತ್ಸಾಹಿ. ಸಹಿಯ ಪಕ್ಕದಲ್ಲಿ ಪಟ್ಟಿಯ ಕ್ರಮಸಂಖ್ಯೆ ಬರೆಸಿ. ಇದು ತ್ರಾಸದ ಕೆಲಸ, ಆದರೆ ಮತ್ತೆ ಯಾರೂ ‘ಇವರು ಯಾರು?’ ಅಂತ ಕೇಳುವ ಹಾಗಿಲ್ಲ. ಮನವಿಯ ಎರಡನೇ ಪ್ರತಿಯಲ್ಲಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಆದರೂ ನನ್ನ ಅಭಿಪ್ರಾಯ ಕೇಳಿದರೆ, ಸನ್ನದಿನ ವಿಷಯಕ್ಕೆ ಸಾಮಾನ್ಯ ಸಭೆಯೇ ಒಳ್ಳೆಯದು. ವಿಶೇಷ ಸಭೆಗೆ ಬರುವವರು ಸಹಿ ಹಾಕಿದ ನಾವೇ. ಅದು ಬೆಲ್ ಊರಿನ ವೋಟಿನ ಹಾಗೆ ಆಗುತ್ತದೆ.

ಪ್ರಶ್ನೆ ಒಂದೇ ವಾಕ್ಯದಲ್ಲಿ

ಕೈ ಎತ್ತಬೇಕಾದರೆ ಯಾವುದಕ್ಕೆ ಎತ್ತುತ್ತೇವೆ ಅಂತ ಗೊತ್ತಿರಬೇಕು, ಅಲ್ವಾ? ‘ದೀಪ, ರಸ್ತೆ, ನೀರು ಎಲ್ಲಾ ಸರಿಯಾಗಬೇಕು, ಕಚೇರಿಯವರು ಮರ್ಯಾದೆಯಲ್ಲಿ ಮಾತಾಡಬೇಕು’ ಅಂತ ಬರೆದರೆ ಎಲ್ಲರೂ ಕೈ ಎತ್ತುತ್ತಾರೆ. ಏನೂ ಆಗುವುದಿಲ್ಲ. ನಾವು ಎರಡನೇ ಸಲ ಬರೆದದ್ದು ಹೀಗೆ:

‘ಬೀದಿದೀಪ ಕೆಟ್ಟಿದೆ ಎಂದು ದೂರು ಕೊಟ್ಟ 10 ದಿನದೊಳಗೆ ಸರಿಪಡಿಸಬೇಕು, ಆಗದಿದ್ದರೆ ಕಾರಣವನ್ನು ದೂರು ಕೊಟ್ಟವರಿಗೆ ಬರಹದಲ್ಲಿ ತಿಳಿಸಬೇಕು ಎಂದು ನಾಗರಿಕ ಸನ್ನದಿನಲ್ಲಿ ಸೇರಿಸಲು ಈ ಗ್ರಾಮಸಭೆ ಪಂಚಾಯತನ್ನು ಕೋರುತ್ತದೆ.’

ದಿನದ ಲೆಕ್ಕ ಇದೆ. ಆಗದಿದ್ದರೆ ಏನು ಅನ್ನುವುದಕ್ಕೂ ದಾರಿ ಇದೆ. ಆ ಎರಡನೇ ತುಂಡು ಹಾಕಿದ್ದರಿಂದಲೇ ಮೆಂಬರರೂ ಒಪ್ಪಿದರು. ‘ಬಲ್ಬು ಸ್ಟಾಕ್ ಇಲ್ಲದಿದ್ದರೆ ನಾನು ಎಲ್ಲಿಂದ ತರಲಿ ಮಾರಾಯ್ರೆ’ ಅನ್ನುವುದು ಅವರ ತಕರಾರು. ಸ್ಟಾಕ್ ಇಲ್ಲ ಅಂತಲೇ ಬರೆದು ಕೊಡಿ ಅಂದೆವು.

ಈ ವಾಕ್ಯವನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಇಬ್ಬರು ಕೂತು ಒಂದನ್ನು ಇನ್ನೊಂದರ ಜೊತೆ ತಾಳೆ ನೋಡಿ. ಒಂದೇ ರೂಪದ ಪದಗಳು ಇಲ್ಲಿ ಮೋಸ ಮಾಡುತ್ತವೆ. ಅಲ್ಲಿ ‘ಅಪೇಕ್ಷ’ ಅಂದರೆ ಅರ್ಜಿ, ನಮಗೆ ಅದು ಆಸೆ. ‘ಯೋಗಂ’ ಅಂದರೆ ಸಭೆ, ನಮಗೆ ಅದು ಹಣೆಬರಹ. ಗೊತ್ತುವಳಿಗೆ ಅವರು ‘ಪ್ರಮೇಯಂ’ ಅನ್ನುತ್ತಾರೆ. ನಮ್ಮ ವಾರ್ಡಿನ ನಿವೃತ್ತ ಗಣಿತ ಮಾಸ್ಟ್ರು ಆ ಪದ ನೋಡಿ ‘ಪೈಥಾಗೊರಸನದ್ದಾ?’ ಅಂತ ಕೇಳಿದರು.

ಪ್ರಶ್ನೆ ಸಿದ್ಧವಾದ ಮೇಲೆ ಎರಡು ವಾರ ಅದು ಊರಿನಲ್ಲಿ ತಿರುಗಲಿ. ಹೆಂಗಸರ ಕುಟುಂಬಶ್ರೀ ಕೂಟದಲ್ಲಿ, ಅಂಗನವಾಡಿಯ ಬಾಗಿಲಲ್ಲಿ, ಹಾಲಿನ ಸೊಸೈಟಿಯಲ್ಲಿ, ಮಸೀದಿಯ ಹತ್ತಿರದ ಅಂಗಡಿಯಲ್ಲಿ. ವಾಟ್ಸಾಪಿನಲ್ಲಿ ಹಾಕಿದರೆ ಸಾಲದು. ಅಲ್ಲಿ ಹೆಬ್ಬೆರಳು ಒತ್ತಿದವರು ಸಭೆಗೆ ಬರುವುದು ಕಡಿಮೆ.

ಸಭೆಯ ದಿನ

ಮತದ ವಿಷಯ ಅಜೆಂಡಾದಲ್ಲಿ ಫಲಾನುಭವಿ ಪಟ್ಟಿಗಿಂತ ಮೊದಲು ಬರಬೇಕು. ಇದೊಂದನ್ನು ಹಟ ಹಿಡಿದು ಮಾಡಿಸಿ. ಮೊದಲ ಸಲ ನಮ್ಮದು ಕೊನೆಯಲ್ಲಿ ಬಂತು. ಪಟ್ಟಿ ಓದಿ ಆದ ಕೂಡಲೇ ಜನ ಅವಲಕ್ಕಿ ತಿಂದು, ಚಾ ಕುಡಿದು ಹೊರಟರು. ಹಾಜರಿ ಪುಸ್ತಕದಲ್ಲಿ 160 ಸಹಿ ಇತ್ತು, ಕೈ ಎತ್ತುವಾಗ ಶಾಲೆಯ ಕೋಣೆಯಲ್ಲಿ ಇದ್ದದ್ದು 41 ಜನ.

ಕೋರಂಗೆ ವಾರ್ಡಿನ ಮತದಾರರ ಶೇಕಡಾ 10 ಬೇಕು. ಅಧ್ಯಕ್ಷತೆ ಪಂಚಾಯತು ಅಧ್ಯಕ್ಷರದ್ದು, ಅವರು ಬಾರದಿದ್ದರೆ ಉಪಾಧ್ಯಕ್ಷರದ್ದು, ಇಬ್ಬರೂ ಇಲ್ಲದಿದ್ದರೆ ಸಂಚಾಲಕರಾದ ವಾರ್ಡ್ ಮೆಂಬರರದ್ದು. ಸಾಧ್ಯವಾದಷ್ಟು ಎಲ್ಲರೂ ಒಪ್ಪಿ ತೀರ್ಮಾನ ಮಾಡಬೇಕು, ಆಗದಿದ್ದರೆ ಬಹುಮತ ಅಂತ ನಿಯಮ. ಹಾಗಾಗಿ ಮೊದಲು ವಿರೋಧ ಇದೆಯೇ ಅಂತ ಕೇಳಿಸಿ. ವಿರೋಧ ಇದ್ದವರು ಮಾತಾಡಲಿ. ಹತ್ತರ ಬದಲು 14 ದಿನ ಮಾಡಿದರೆ ಒಪ್ಪುತ್ತೇವೆ ಅಂದರೆ ಬದಲಾಯಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಮತ ಕೊನೆಯ ಮೆಟ್ಟಿಲು.

ಮತ ಬೇಕೇ ಬೇಕು ಅಂತಾದರೆ, ವಾಕ್ಯವನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಿಸಿ. ತುಳುವಿನಲ್ಲಿ ಒಬ್ಬರು ಬಾಯಿಮಾತಿನಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ತುಳುವಿನಲ್ಲಿ ಹೇಳಿದ ಮೇಲೆಯೇ ಹಿಂದಿನ ಸಾಲಿನ ಮೂವರು ಅಜ್ಜಿಯಂದಿರು ತಲೆ ಆಡಿಸಿದ್ದು. ಆಮೇಲೆ ಕೈ ಎತ್ತಿಸಿ. ಎಣಿಸಲು ಇಬ್ಬರು ಇರಲಿ, ಪರ ಇರುವವರಿಂದ ಒಬ್ಬರು, ವಿರೋಧದವರಿಂದ ಒಬ್ಬರು. ಇಬ್ಬರ ಲೆಕ್ಕ ಬೇರೆ ಬಂದರೆ ಪರ ಇದ್ದವರು ಗೋಡೆಯ ಈ ಬದಿಗೆ, ವಿರೋಧದವರು ಆ ಬದಿಗೆ ನಿಲ್ಲಲಿ. ಕೈ ಎತ್ತದೆ ಕೂತವರನ್ನೂ ಎಣಿಸಿ. ಎಷ್ಟೋ ಸಲ ಅವರೇ ಜಾಸ್ತಿ, ಅದೂ ಒಂದು ಸುದ್ದಿ.

ಕೈ ಎತ್ತುವುದರಲ್ಲಿ ಒಂದು ಕಷ್ಟ ಇದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ತೋಟದ ಧಣಿ ಎದುರು ಕೂತಿರುವಾಗ ಕೆಲಸದವರು ಯಾವ ಕಡೆ ಕೈ ಎತ್ತುತ್ತಾರೆ? ಮನೆಯಲ್ಲಿ ಮಾವ ಒಂದು ಪಕ್ಷ, ಸೊಸೆ ಇನ್ನೊಂದು ಪಕ್ಷ ಆದರೆ? ಅದಕ್ಕೇ ಪ್ರಶ್ನೆಯನ್ನು ಪಕ್ಷದ ಬಣ್ಣ ಹತ್ತದ ಹಾಗೆ ಬರೆಯಬೇಕು. ಯಾರ ಹೆಸರೂ, ಯಾರ ಕಾಲದಲ್ಲಿ ಆಯಿತು ಅನ್ನುವುದೂ ಅದರಲ್ಲಿ ಬರಬಾರದು. ವಾಕ್ಯವನ್ನು ಮಂಡಿಸಲು ಒಂದು ಪಕ್ಷದವರು, ಅನುಮೋದಿಸಲು ಇನ್ನೊಂದು ಪಕ್ಷದವರು ಸಿಕ್ಕರೆ ಅರ್ಧ ಕಷ್ಟ ಕಳೆಯಿತು.

ಮಿನಿಟ್ಸ್ ಪುಸ್ತಕ

ಎಲ್ಲರೂ ಏಳುವ ಮೊದಲು ಗೊತ್ತುವಳಿಯನ್ನು ಮಿನಿಟ್ಸಿನಲ್ಲಿ ಬರೆಸಿ, ಬರೆದದ್ದನ್ನು ಓದಿಸಿ. ‘ಬೀದಿದೀಪದ ಬಗ್ಗೆ ಚರ್ಚೆ ನಡೆಯಿತು’ ಅಂತ ಬರೆದರೆ ನಿಮ್ಮ ಮಧ್ಯಾಹ್ನ ವ್ಯರ್ಥ. ವಾಕ್ಯ ಹಾಗೆಯೇ ಬರಬೇಕು, ಪರ ಎಷ್ಟು, ವಿರೋಧ ಎಷ್ಟು ಅಂತ ಅಂಕಿಯಲ್ಲಿ ಬರಬೇಕು. ಮೊಬೈಲಿನಲ್ಲಿ ಆ ಪುಟದ ಫೋಟೋ ತೆಗೆದುಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಡೆಯುವುದಕ್ಕಿಂತ ಇದು ಸುಲಭ.

ಮುಂದಿನ ಸಭೆಗೆ ಹೋಗಿ

ಹೆಚ್ಚಿನವರು ಇಲ್ಲಿ ಕೈಬಿಡುತ್ತಾರೆ. ಮುಂದಿನ ಗ್ರಾಮಸಭೆಯಲ್ಲಿ ಮೊದಲ ಪ್ರಶ್ನೆ ನಿಮ್ಮದೇ ಆಗಿರಲಿ: ಕಳೆದ ಸಲದ ಗೊತ್ತುವಳಿ ಸಮಿತಿಯ ಮುಂದೆ ಬಂತಾ, ಯಾವ ತಾರೀಕಿಗೆ, ಏನು ತೀರ್ಮಾನ ಆಯಿತು? ಅಧಿಕಾರಿಗಳು ಮುಂದಿನ ಮೂರು ತಿಂಗಳಲ್ಲಿ ಯಾವ ಸೇವೆ ಕೊಡುತ್ತಾರೆ, ಯಾವ ಕೆಲಸ ಮಾಡುತ್ತಾರೆ ಅಂತ ತಿಳಿಯುವ ಹಕ್ಕೂ ಗ್ರಾಮಸಭೆಗೆ ಇದೆ. ಅದನ್ನೂ ಜೊತೆಗೆ ಕೇಳಿ. ಸಿಟ್ಟು ಮಾಡಬೇಡಿ, ಆ ಪುಟದ ಫೋಟೋ ತೋರಿಸಿ.

ನಮ್ಮ ದೀಪದ ಸಾಲು ಬೋರ್ಡಿಗೆ ಏರಲು ಮೂರು ಗ್ರಾಮಸಭೆ ಹಿಡಿಯಿತು. ಹತ್ತು ದಿನ ಅಂತ ಕೇಳಿದ್ದೆವು, ಹದಿನಾಲ್ಕು ಅಂತ ಬರೆದಿದ್ದಾರೆ. ಬೋರ್ಡಿನ ಕೆಳಗೆ ಹೊಸ ಸ್ಟಿಕ್ಕರ್ ಅಂಟಿಸಿದ್ದಾರೆ, ಮೊದಲು ಮಲಯಾಳದಲ್ಲಿ, ಅದರ ಅಡಿಯಲ್ಲಿ ಕನ್ನಡದಲ್ಲಿ. ಕನ್ನಡದ ಸಾಲಿನಲ್ಲಿ ‘ದೂರು’ ಅನ್ನುವುದು ‘ದುರು’ ಆಗಿದೆ. ಅದಕ್ಕೆ ಯಾರೂ ವೋಟು ಕೇಳಲಿಲ್ಲ. ಮಾಸ್ಟ್ರು ಕಿಸೆಯಿಂದ ಪೆನ್ನು ತೆಗೆದು ಅಲ್ಲೇ ತಿದ್ದಿದರು.